ತಿಂದದ್ದೆಲ್ಲ ಬರೆಯಿರಿ ಅಂದಿದ್ದರು

ಜೂನ್ 9, ಸೋಮವಾರ. ಮಧ್ಯಾಹ್ನ

ಇನ್ನೂರ ನಲವತ್ತು ಮುಗಿಯಿತು. ಕೊಟ್ಟೂರಿನ ಖಾನಾವಳಿಗೆ ನೂರು, ಹಗರಿಬೊಮ್ಮನಹಳ್ಳಿಗೆ ಎಂಬತ್ತು, ಉಳಿದ ರೊಟ್ಟಿ ಇಲ್ಲೇ ಹರಪನಹಳ್ಳಿ ಅಂಗಡಿಗಳಿಗೆ. ಕೊನೆಯ ಮೂವತ್ತು ಎರ್ರಕ್ಕನೇ ಬಡಿದಳು. ನನ್ನ ಬಲಗೈ ಬೆರಳು ಮಡಚಲು ಬರಲಿಲ್ಲ. ಗಿಣ್ಣು ಗಿಣ್ಣೂ ಬಿಗಿ. ಹೋದ ವಾರದ ಜ್ವರ ಬಿಟ್ಟು ಹೋದ ಬಳುವಳಿ ಇರಬೇಕು.

ತಮ್ಮ ಪ್ರವೀಣನ ಮೆಡಿಕಲ್ ಶಾಪಿಗೆ ಹೋಗಿ ಬಂದೆ. ಜ್ವರಕ್ಕೂ ಅವನೇ ಕೊಟ್ಟಿದ್ದ. ಈಗ ನೋವಿಗೆ ಒಂದು ಸೆಟ್ ಕಟ್ಟಿಕೊಟ್ಟ — ಪೇಪರ್ ಪೊಟ್ಟಣದಲ್ಲಿ ಬಿಡಿ ಗುಳಿಗೆ, ಒಂದು ಬಿಳಿ, ಒಂದು ಹಳದಿ, ಒಂದು ಅರ್ಧ. ಮಧ್ಯಾಹ್ನ ಉಂಡು ನುಂಗು ಅಂದ. ಒಡಹುಟ್ಟಿದವನ ಅಂಗಡಿ ಇದ್ದರೆ ಇದೇ ಅನುಕೂಲ, ಡಾಕ್ಟರ ಬಾಗಿಲು ಕಾಯುವುದು ತಪ್ಪುತ್ತದೆ.

ಎರ್ರಕ್ಕ ನನ್ನನ್ನು ಕೂರಿಸಿ ಒಲೆ ಮುಂದೆ ತಾನೇ ಕೂತಳು. ಹನ್ನೊಂದು ವರ್ಷದಿಂದ ಹೀಗೇ. ನಮ್ಮ ಹಿತ್ತಲ ಶೆಡ್ಡು, ಇಬ್ಬರ ನಾಲ್ಕು ಕೈ. ಬೋರ್ಡಿನ ಮೇಲೆ ಮಾತ್ರ ನನ್ನೊಬ್ಬಳ ಹೆಸರು.

ಜೂನ್ 12, ಗುರುವಾರ

ಊಟ ಮಾಡಿ ಅರ್ಧ ಗಂಟೆ ಆಗಿಲ್ಲ, ಮೈತುಂಬ ಗಂಧೆ. ಮೊದಲು ಮಣಿಕಟ್ಟು ತುರಿಸಿತು. ಆಮೇಲೆ ಹೊಟ್ಟೆ, ಬೆನ್ನು, ತೊಡೆ. ಕೆಂಪಗೆ, ಅಗಲಗಲ, ಒಂದಕ್ಕೊಂದು ಕೂಡಿಕೊಂಡು. ಬೆರಳು ಬಾತು ಬದನೆಕಾಯಿ. ಬಳೆ ಒಡೆದು ತೆಗೆಯಬೇಕಾಯಿತು.

ಪಿತ್ತದ ಗಂಧೆ ಅಂದಳು ಎರ್ರಕ್ಕ. ಮನೆಗೆ ಓಡಿ ಕರಿ ಕಂಬಳಿ ತಂದಳು. ಅವರದು ಕುರಿ ಸಾಕುವ ಮನೆ, ಸ್ವಂತ ಉಣ್ಣೆಯ ಕಂಬಳಿ. ಅದರಿಂದ ಬೆನ್ನು ತಿಕ್ಕಿದಳು. ಕುರಿ ವಾಸನೆ ಮೂಗಿಗೆ ಹೊಡೆಯಿತು, ಆದರೂ ಹಿತವಾಯಿತು. ಸಂಜೆಗೆ ಇಳಿದಿತ್ತು. ಗಿಣ್ಣು ನೋವು ಮಾತ್ರ ಹಾಗೇ. ಇನ್ನೊಂದು ಸೆಟ್ ತರಿಸಿದೆ.

ಇವರು ಡ್ಯೂಟಿಯಿಂದ ಬಂದು ನೋಡಿ ಸೊಳ್ಳೆ ಕಡಿದಿರಬೇಕು ಅಂದರು. ಬಸ್ ಓಡಿಸುವವರಿಗೆ ಊರೆಲ್ಲ ಸೊಳ್ಳೆಯೇ.

ಜೂನ್ 17, ಮಂಗಳವಾರ

ನಾಲ್ಕು ದಿನದಲ್ಲಿ ಮೂರು ಸಲ ಎದ್ದಿತು. ದಾವಣಗೆರೆಗೆ ಹೋದೆ, ಚರ್ಮದ ಡಾಕ್ಟರ್ ಹತ್ತಿರ. ಹೆಣ್ಣುಮಗಳು, ಮೆತ್ತಗೆ ಮಾತಾಡುತ್ತಾರೆ. ಹೊಸ ಸೋಪು ಹಚ್ಚಿದಿರಾ? ಮೊಟ್ಟೆ, ಮೀನು? ನಾವು ಮುಟ್ಟುವುದಿಲ್ಲ ಅಂದೆ. ಬೇರೆ ಔಷಧಿ ತಗೊಳ್ತೀರಾ? ಇಲ್ಲ ಅಂದೆ. ಬಿಪಿ ಇಲ್ಲ, ಶುಗರ್ ಇಲ್ಲ, ನನಗೆಲ್ಲಿಯ ಔಷಧಿ.

ರಕ್ತ ತೆಗೆದರು. ಕೆಲವರಿಗೆ ಕಾರಣ ಸಿಗುವುದೇ ಇಲ್ಲ ಅಂದರು. ಇದೊಳ್ಳೆ ಮಾತು. ಬೆಂಕಿ ಇಲ್ಲದೆ ಹೊಗೆ ಏಳುತ್ತದೆಯೇ? ಇವತ್ತಿನಿಂದ ತಿಂದದ್ದೆಲ್ಲ ಗಂಟೆ ಸಮೇತ ಬರೆಯಿರಿ ಅಂದರು. ಅದಕ್ಕೇನು, ಡೈರಿ ಬರೆಯುವ ಚಟ ಹೇಗೂ ಇದೆ. ಹಿಂದಿನ ಪುಟಗಳಲ್ಲಿ ಊಟದ ಪಟ್ಟಿ, ಮುಂದೆ ನನ್ನ ಪುರಾಣ.

ತುರಿಕೆಗೆ ಕೊಟ್ಟ ಗುಳಿಗೆ ಎರಡು ದಿನವೂ ಸಾಗಲಿಕ್ಕಿಲ್ಲ ಅನಿಸುತ್ತದೆ. ಬಸ್ಸಿನಲ್ಲಿ ಬರುತ್ತಾ ಒಂದು ನುಂಗಿದೆ, ನಿದ್ದೆಯಲ್ಲಿ ನಮ್ಮ ತಾಲೂಕಿನ ಅರಸೀಕೆರೆ ದಾಟಿದ್ದೇ ಗೊತ್ತಾಗಲಿಲ್ಲ.

ಜೂನ್ 20, ಶುಕ್ರವಾರ

ನಿದ್ದೆ ಗುಳಿಗೆ ಬಿಟ್ಟೆ. ಹಂಚಿನ ಮುಂದೆ ತೂಕಡಿಸಿ ಆರು ರೊಟ್ಟಿ ಕರಕಾದವು. ಪ್ರವೀಣನ ನೋವಿನ ಸೆಟ್ಟೇ ವಾಸಿ, ಕೈಯಾದರೂ ಆಡುತ್ತದೆ.

ಪಟ್ಟಿ ಚೆನ್ನಾಗಿ ನಡೆದಿದೆ. 8.00 ಮಂಡಕ್ಕಿ ಒಗ್ಗರಣೆ. 11.00 ಚಹಾ. 1.15 ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. 1.55 ಗಂಧೆ. ನಿನ್ನೆ 1.10 ರೊಟ್ಟಿ, ಪುಂಡಿಪಲ್ಯ. 1.50 ಗಂಧೆ. ಮೊನ್ನೆಯೂ ಹಾಗೇ. ಬೆಳಗಿನ ತಿಂಡಿಗೆ ಏನೂ ಇಲ್ಲ, ಸಂಜೆಗೆ ಏನೂ ಇಲ್ಲ. ಮಧ್ಯಾಹ್ನದ ಊಟಕ್ಕೇ ಬರುತ್ತದೆ.

ಮಧ್ಯಾಹ್ನದ ಪಲ್ಯ ಯಾವತ್ತೂ ಎರ್ರಕ್ಕನ ಮನೆಯದು. ಸುಮ್ಮನೆ ಬರೆದೆ, ಅಷ್ಟೆ.

ಜೂನ್ 24, ಮಂಗಳವಾರ

ರಕ್ತದ ರಿಪೋರ್ಟ್ ವಾಟ್ಸಾಪಿಗೆ ಬಂತು. ಎಲ್ಲ ನಾರ್ಮಲ್. ನಾರ್ಮಲ್ ಆದರೆ ಈ ಕೈ ಯಾರದು?

ಪಕ್ಕದ ಮನೆ ಭರಮವ್ವ — ನಮ್ಮ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ — ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು.

"ಪುಷ್ಪಾ, ಇದು ಡಾಕ್ಟರ್ ಕೈಯಾಗ ಸಿಗೋದಲ್ಲ. ನಿನಗ ಯಾರೋ ಮದ್ದು ಹಾಕ್ಯಾರ."

ಅನ್ನದಲ್ಲಿ ಕಲಸಿ ಹಾಕುತ್ತಾರಂತೆ. ಹೊಟ್ಟೆಯಲ್ಲಿ ಕೂತು ಬೆಳೆದು ಮನುಷ್ಯರನ್ನು ನಿಧಾನಕ್ಕೆ ಒಣಗಿಸುತ್ತದೆ, ಇಲ್ಲ ಹಾಕಿದವರ ಮಾತು ಕೇಳುವ ಹಾಗೆ ಮಾಡುತ್ತದೆ. ಅವ್ವನ ಕಾಲದಿಂದ ಕೇಳಿದ ಮಾತೇ. ನಕ್ಕೆ. ನಾನು ಪಿಯುಸಿ ಓದಿದವಳು ಅಂದೆ. ಮದ್ದಿಗೆ ಪಿಯುಸಿ ಗೊತ್ತಿರುವುದಿಲ್ಲ ಅಂದಳು ಭರಮವ್ವ.

ಜೂನ್ 25, ಬುಧವಾರ. ಅಮಾವಾಸ್ಯೆ

ನಗು ಬರುತ್ತಿಲ್ಲ. ಪಟ್ಟಿ ಮತ್ತೆ ಮತ್ತೆ ಓದಿದೆ. ಪಲ್ಯ, ಗಂಧೆ. ಪಲ್ಯ, ಗಂಧೆ.

ಎರ್ರಕ್ಕ ಯಾಕೆ ಹಾಕಬೇಕು? ಗುರುಬಸವರಾಜ ಅಂತ ಹೊಸಪೇಟೆ ಹೋಟೆಲಿನವನು ಹೋದ ತಿಂಗಳು ಬಂದು ನನ್ನ ಹೆಸರಿಗೇ ದೊಡ್ಡ ಆರ್ಡರ್ ಕೊಟ್ಟು ಹೋದ. ಅವತ್ತು ಇವಳು ಬೋರ್ಡ್ ಕಡೆ ನೋಡಿ "ನನ್ನ ಹೆಸರೂ ಒಂದು ಮೂಲ್ಯಾಗ ಬರಸಬೇಕಿತ್ತಲೇ ಪುಷ್ಪಿ" ಅಂದಿದ್ದಳು. ನಗುತ್ತಾ ಅಂದಿದ್ದಳು. ನಗುತ್ತಾ ಅಂದದ್ದೇ ಮನಸ್ಸಿನಲ್ಲಿ ಇರುವುದು.

ಜೂನ್ 29, ಭಾನುವಾರ

ಪರೀಕ್ಷೆ ಮಾಡುತ್ತಿದ್ದೇನೆ. ಶುಕ್ರವಾರ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಅವಳ ಪಲ್ಯ ಮುಟ್ಟಲಿಲ್ಲ. ನಾನೇ ಮಾಡಿದ ಮೊಸರನ್ನ ಉಂಡು, ಗುಳಿಗೆ ನುಂಗಿ ಕೂತೆ. ಆದರೂ ಎದ್ದಿತು. ಒಂದು ಕ್ಷಣ ಮನಸ್ಸು ಹಗುರಾಯಿತು, ಹಾಗಾದರೆ ಇವಳಲ್ಲ. ಆಮೇಲೆ ನೆನಪಾಯಿತು, ಹನ್ನೊಂದು ಗಂಟೆ ಚಹಾ ಸೋಸಿದ್ದು ಇವಳು.

ಇವತ್ತು ಪ್ರವೀಣ ಹೂವಿನಹಡಗಲಿಗೆ ಮದುವೆಗೆ ಹೋಗಿದ್ದಾನೆ, ಅಂಗಡಿ ಬಂದ್. ಗುಳಿಗೆ ಇಲ್ಲದೆ ನೋವು ಕಚ್ಚಿಕೊಂಡು ಕೂತಿದ್ದೆ. ಬೇಕೆಂದೇ ಅವಳ ಕಾಳುಪಲ್ಯ ಎರಡು ಸಲ ಹಾಕಿಸಿಕೊಂಡೆ. ಏನೂ ಏಳಲಿಲ್ಲ. ನಾನು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದೆನಲ್ಲ. ಗೊತ್ತಾಗಿದೆ ಅವಳಿಗೆ, ಇವತ್ತು ಹಾಕಿಲ್ಲ.

ಇವರ ಮುಂದೆ ಹೇಳಿದೆ. "ಹನ್ನೊಂದು ವರ್ಷ ಹಾಕದಾಕಿ ಈಗ್ಯಾಕ ಹಾಕ್ತಾಳ?" ಅಂದರು. ಗಂಡಸರಿಗೆ ಇವೆಲ್ಲ ತಿಳಿಯುವುದಿಲ್ಲ.

ಜುಲೈ 2, ಬುಧವಾರ

ಮೊಣಕಾಲೂ ಬಾತಿದೆ. ಕಂಬಳಿ ತರಲಾ ಅಂದಳು ಎರ್ರಕ್ಕ. ಬೇಡ ಅಂದೆ. ಕಂಬಳಿಯಲ್ಲಿ ಏನಿದೆಯೋ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಂದೆ ಸರಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ.

ಜುಲೈ 6, ಭಾನುವಾರ

ಭರಮವ್ವ ಕರೆದುಕೊಂಡು ಹೋದಳು. ನೀಲಗುಂದದ ಆಚೆ ಒಂದು ಹಳ್ಳಿ, ಪಾಲಣ್ಣ ಅಂತ, ಮದ್ದು ತೆಗೆಯುವವನು. ಹೊರಗೆ ಆರು ಬೈಕು, ಒಂದು ಕಾರು. ಕಾರಿನವರೂ ಬರುತ್ತಾರೆಂದು ನೋಡಿ ಧೈರ್ಯ ಬಂತು.

ಅಂಗೈಗೆ ಯಾವುದೋ ಸೊಪ್ಪಿನ ರಸ ಹಚ್ಚಿದ. ಅದು ಮೊಸರಿನ ಹಾಗೆ ಗಟ್ಟಿಯಾಯಿತು. ಐತಿ ಅಂದ. ಏನೋ ಕುಡಿಸಿದ, ಕರುಳು ಕಿತ್ತು ಬರುವ ಹಾಗೆ ವಾಂತಿಯಾಯಿತು. ಅದರಲ್ಲಿ ಒಂದು ಕಪ್ಪು ಉಂಡೆ ತೋರಿಸಿದ. ದಿನಾ ಕೈಯಾರೆ ಉಣಿಸುವವರು ಯಾರು ಅಂತ ಕೇಳಿದ. ಹೇಳಿದೆ. ಹೆಸರು ಬಾಯಿಂದ ಬಿದ್ದಾಗ ಭರಮವ್ವ ಪಕ್ಕದಲ್ಲೇ ಇದ್ದಳು.

ಇಪ್ಪತ್ತೊಂದು ದಿನ ಪಥ್ಯ. ಬದನೆಕಾಯಿ ಇಲ್ಲ, ಹುಳಿ ಇಲ್ಲ, ಅವಳ ಕೈಯ ನೀರೂ ಇಲ್ಲ. ಇಂಗ್ಲಿಷ್ ಗುಳಿಗೆಯನ್ನಂತೂ ಮುಟ್ಟಲೇಬಾರದು.

ಜುಲೈ 8, ಮಂಗಳವಾರ

ಹೇಗೆ ಬರೆಯಲಿ. ಬಾಯಿಬಿಟ್ಟು ಹೇಳಬೇಕೆಂದೇನೂ ಇರಲಿಲ್ಲ. ಅವಳೇ ತಾಟು ತಂದಿಟ್ಟಳು, ಎರಡು ರೊಟ್ಟಿ, ಎಣ್ಣೆಗಾಯಿ. ತಾಟು ಅವಳ ಕಡೆಗೇ ತಳ್ಳಿದೆ.

"ಮೊದಲ ನೀ ಒಂದು ತುತ್ತು ತಿನ್ನು."

ನನ್ನ ಮುಖ ನೋಡಿದಳು. ಅಷ್ಟು ಹೊತ್ತು ಯಾರೂ ನನ್ನ ಮುಖ ನೋಡಿದ್ದಿಲ್ಲ. ಕೂತು ಎರಡೂ ರೊಟ್ಟಿ ತಿಂದಳು, ಎಣ್ಣೆಗಾಯಿ ಬಳಿದು ತಿಂದಳು. ತಾಟು ತೊಳೆದು ಬೋರಲು ಹಾಕಿದಳು. ಒಲೆಯ ಮೇಲಿಂದ ತನ್ನ ಹಂಚು ಇಳಿಸಿಕೊಂಡಳು, ಇನ್ನೂ ಬಿಸಿ ಇತ್ತು, ಸೆರಗಿನಲ್ಲಿ ಹಿಡಿದು ಹೋದಳು.

ನನಗೆ ಅಳು ಬಂತು. ಸಿಟ್ಟೂ ಬಂತು. ತಪ್ಪಿಲ್ಲದಿದ್ದರೆ ಜಗಳ ಆಡಬೇಕಿತ್ತು.

ಜುಲೈ 21, ಸೋಮವಾರ

ಬರೆಯದೆ ಹದಿಮೂರು ದಿನ. ಬರೆಯಲು ಏನೂ ಇರಲಿಲ್ಲ, ಗಂಧೆ ಇಲ್ಲ. ನಾಲ್ಕನೆಯ ದಿನದಿಂದ ಗಿಣ್ಣು ನೋವೂ ಕಡಿಮೆಯಾಯಿತು. ಬಾವು ಇಳಿಯಿತು. ಬಳೆ ಹಾಕಿಕೊಂಡೆ, ಹೊಸವು, ಹಸಿರು. ಒಬ್ಬಳೇ ನೂರು ರೊಟ್ಟಿ ಬಡಿದೆ.

ಸಂಘದಲ್ಲಿ ಭರಮವ್ವ ನನ್ನ ಕೈ ಎತ್ತಿ ಎಲ್ಲರಿಗೂ ತೋರಿಸಿದಳು. ದಾವಣಗೆರೆ ಕೈಬಿಟ್ಟಿದ್ದು ಪಾಲಣ್ಣ ಮಾಡಿದ ಅಂದಳು. ಅಲ್ಲ ಅನ್ನಲಿಲ್ಲ ನಾನು. ಅಂದರೆ ಸುಳ್ಳಾಗುತ್ತಿತ್ತು, ಕೈ ನಿಜವಾಗಿಯೂ ಆರಾಮಿತ್ತು.

ಜುಲೈ 29, ಮಂಗಳವಾರ

ಎರ್ರಕ್ಕ ತಾನೇ ಬೇರೆ ರೊಟ್ಟಿ ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳಂತೆ. ಮೂರು ದಿನ. ಒಬ್ಬರೂ ಕೊಳ್ಳಲಿಲ್ಲ. ಒಬ್ಬಾಕೆ ಕೊಂಡು, ಯಾರೋ ಕಿವಿಯಲ್ಲಿ ಹೇಳಿದ ಮೇಲೆ ತಿರುಗಿ ಬುಟ್ಟಿಗೇ ಹಾಕಿ ಹೋದಳಂತೆ. ಈಗ ಮೆಕ್ಕೆಜೋಳದ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾಳೆ, ಐವತ್ತು ದಾಟಿದ ಸೊಂಟ ಹೊತ್ತು.

ಕೇಳಿದ ಮೇಲೆ ರೊಟ್ಟಿ ಬಡಿಯುವಾಗೆಲ್ಲ ಆ ಬುಟ್ಟಿಯೇ ಕಣ್ಣ ಮುಂದೆ. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ. ಅಂದುಕೊಂಡರೂ ಹೋಗಲಿಲ್ಲ.

ಆಗಸ್ಟ್ 3, ಭಾನುವಾರ. ಮಧ್ಯಾಹ್ನ 3

ನಿಧಾನಕ್ಕೆ ಬರೆಯುತ್ತೇನೆ.

ನಿನ್ನೆಯಿಂದ ಹಲ್ಲುನೋವು. ಪಥ್ಯ ಮುಗಿದು ವಾರವಾಯಿತಲ್ಲ ಎಂದು ಪ್ರವೀಣನಿಂದ ಒಂದು ಸೆಟ್ ತಂದೆ. 1.20ಕ್ಕೆ ಉಂಡು ನುಂಗಿದೆ. 1.50 — ಮಣಿಕಟ್ಟು. 2.00 — ಹೊಟ್ಟೆ, ಬೆನ್ನು. ಈಗ ಬೆರಳು ಬಾತಿವೆ, ಹಸಿರು ಬಳೆ ಮತ್ತೆ ಒಡೆದೆ.

ಉಂಡದ್ದು ನಾನೇ ಮಾಡಿದ ಅನ್ನ, ನಾನೇ ಮಾಡಿದ ಸಾರು. ಎರ್ರಕ್ಕ ಈ ಹೊಸ್ತಿಲು ತುಳಿದು ಇಪ್ಪತ್ತಾರು ದಿನ. ಮೊದಲು ಬಂದ ಯೋಚನೆ ಏನು ಗೊತ್ತೇ? ಹಿತ್ತಲಿಂದ ಬಂದು ಅಕ್ಕಿ ಡಬ್ಬಿಗೆ ಏನೋ ಹಾಕಿ ಹೋಗಿದ್ದಾಳೆ ಅಂತ. ಎದ್ದು ಹೋಗಿ ಡಬ್ಬಿ ನೋಡಿದೆ ಕೂಡ. ನಾಚಿಕೆಯಾಗುತ್ತದೆ, ಆದರೆ ನೋಡಿದೆ.

ಆಮೇಲೆ ಡೈರಿ ತೆಗೆದೆ. ಹಿಂದಿನ ಪಟ್ಟಿ, ಮುಂದಿನ ಪುಟ, ಎರಡನ್ನೂ ಹೊಂದಿಸಿ ಓದಿದೆ. ಗುಳಿಗೆ ನುಂಗಿದ ಒಂದೊಂದು ಮಧ್ಯಾಹ್ನವೂ ಗಂಧೆ. ಪ್ರವೀಣ ಮದುವೆಗೆ ಹೋದ ಭಾನುವಾರ ಇಲ್ಲ. ಪಥ್ಯದ ಇಪ್ಪತ್ತೊಂದು ದಿನ ಇಲ್ಲ. ಪಟ್ಟಿಯಲ್ಲಿ ಗುಳಿಗೆ ಒಂದು ಕಡೆಯೂ ಬರೆದಿಲ್ಲ. ತಿಂದದ್ದು ಬರೆಯಿರಿ ಅಂದಿದ್ದರು. ಗುಳಿಗೆ ತಿನ್ನುವುದಲ್ಲ, ನುಂಗುವುದು.

ಆಗಸ್ಟ್ 5, ಮಂಗಳವಾರ

ದಾವಣಗೆರೆ. ಡಾಕ್ಟರ್ ಎರಡೂ ಪಟ್ಟಿ ನೋಡಿದರು, ಬೈಯಲಿಲ್ಲ. ಮೊದಲು ಯಾಕೆ ಶುರುವಾಯಿತೋ ಹೇಳಲಾರೆ ಅಂದರು. ಜ್ವರ ಇರಬಹುದು, ಜ್ವರಕ್ಕೆ ತಗೊಂಡದ್ದು ಇರಬಹುದು. ಆದರೆ ಮತ್ತೆ ಮತ್ತೆ ಕೆರಳಿಸಿದ್ದು ನೋವಿನ ಗುಳಿಗೆಯೇ ಅನ್ನುತ್ತಾರೆ. ಇನ್ನು ಮುಟ್ಟಬೇಡಿ, ಮುಂದಿನ ಸಲ ತುಟಿ, ಗಂಟಲು ಬಾತು ಉಸಿರೇ ಕಟ್ಟಬಹುದು ಅಂದರು.

ಮದ್ದು ಅಂದರೆ ಔಷಧಿ ಅಂತಲೂ ಅರ್ಥ. ಪಿಯುಸಿ ಓದಿದವಳಿಗೆ ಹೊಳೆಯಲಿಲ್ಲ.

ಬರುವಾಗ ಪ್ರವೀಣನ ಅಂಗಡಿಗೆ ಹೋದೆ. ಅವನ ಮುಖ ಬಿಳಿಚಿತು. ಊರಿಗೆಲ್ಲ ಇದೇ ಕೊಡ್ತೀನಿ, ಯಾರಿಗೂ ಏನೂ ಆಗಿಲ್ಲ ಅಂದ. ಆಮೇಲೆ "ಅಂಗಡಿ ಹೆಸರು ಎಲ್ಲೂ ಎತ್ತಬ್ಯಾಡ ಅಕ್ಕ" ಅಂದ.

ಆಗಸ್ಟ್ 7, ಗುರುವಾರ

ಎರ್ರಕ್ಕನ ಮನೆಗೆ ಹೋದೆ. ಹೊಲದಿಂದ ಆಗ ಬಂದಿದ್ದಳು, ಕಾಲಿಗೆ ಕೆಸರು. ಬರ್ರಿ, ಕುಂದರ್ರಿ ಅಂದಳು. ಹನ್ನೊಂದು ವರ್ಷದಲ್ಲಿ ಒಂದು ದಿನ ನನಗೆ ರೀ ಹಚ್ಚಿದವಳಲ್ಲ.

ಎಲ್ಲ ಹೇಳಿದೆ. ಪಟ್ಟಿ, ಗುಳಿಗೆ, ಪಾಲಣ್ಣ. ತಪ್ಪಾಯಿತು ಅಂದೆ, ಕಾಲು ಹಿಡಿಯಲು ಬಗ್ಗಿದೆ, ಕಾಲು ಹಿಂದೆ ತೆಗೆದುಕೊಂಡಳು. ಸೊಸೆ ಮೂಲೆಯಲ್ಲಿ ಕೂಸಿಗೆ ಅನ್ನ ಉಣಿಸುತ್ತಿದ್ದಳು.

"ನನಗೂ ಅನುಮಾನ ಬಂದಿತ್ತು ನೋಡ್ರಿ" ಅಂದಳು. "ಊರಿಗೆ ಊರ ಅಂದ್ರ ಇದ್ದರೂ ಇರಬೌದು, ನನ್ನ ಕೈಯಾಗ ಏನರ ದೋಷ ಐತೇನೋ ಅಂತ. ಮೊಮ್ಮಗಳಿಗೆ ತುತ್ತು ಇಡೋದು ಬಿಟ್ಟು ತಿಂಗಳಾತು. ಸೊಸಿ ಏನೂ ಅಂದಿಲ್ಲ. ನಾನ ಬಿಟ್ಟೆ."

ಎದ್ದು ಬಂದೆ. ದಾರಿ ಕಾಣಲಿಲ್ಲ. ಮದ್ದು ಹಾಕಿದವಳು ನಾನು.

ಆಗಸ್ಟ್ 10, ಭಾನುವಾರ

ಸಂಘದಲ್ಲಿ ಎದ್ದು ನಿಂತು ಹೇಳಿದೆ. ಪ್ರವೀಣನ ಹೆಸರೂ ಹೇಳಿದೆ, ಮುಚ್ಚಲಿಲ್ಲ. ಎರ್ರಕ್ಕನ ತಪ್ಪು ಎಳ್ಳಷ್ಟೂ ಇಲ್ಲ ಅಂದೆ.

ಕೇಳಿಸಿಕೊಂಡರು. ಭರಮವ್ವ ಒಂದೇ ಮಾತು ಕೇಳಿದಳು, ಪಾಲಣ್ಣನ ಹತ್ತಿರ ಹೋಗಿ ಬಂದ ಮೇಲೇ ಆರಾಮಾಯಿತೋ ಇಲ್ಲವೋ ಅಂತ. ಆಯಿತು, ಆದರೆ ಅದು ಪಥ್ಯದಲ್ಲಿ ಗುಳಿಗೆ ಬಿಟ್ಟದ್ದಕ್ಕೆ ಅಂದೆ. ಎಲ್ಲರೂ ನನ್ನ ಕೈ ನೋಡಿದರು. ಕೈ ನೆಟ್ಟಗಿತ್ತು.

ಕೊನೆಗೆ ಶಿವಲೀಲಾ, ಅಂಗನವಾಡಿ ಟೀಚರ್, ಓದಿದವಳು, ಪಕ್ಕದವಳಿಗೆ ಹೇಳಿದ್ದು ನನಗೂ ಕೇಳಿಸಿತು: "ಗುರುವಾರ ಅವರ ಮನಿಗೆ ಹೋಗಿದ್ದಳಂತ. ಎರ್ರಕ್ಕ ತಿರಗ ಹಾಕ್ಯಾಳ. ಮದ್ದು ತಿಂದೋರು ಹಾಕಿದೋರ ಪರಾನ ಮಾತಾಡ್ತಾರ."

ನಾನು ಆರಾಮಿದ್ದರೆ ಎರ್ರಕ್ಕ ಮದ್ದು ಹಾಕಿದವಳು. ಅವಳ ಪರ ಮಾತಾಡಿದರೂ ಮದ್ದು ಹಾಕಿದವಳು. ಈ ಲೆಕ್ಕ ನನಗೆ ಹೊಸದಲ್ಲ. ಜೂನ್ ತಿಂಗಳಲ್ಲಿ ನಾನೂ ಹೀಗೇ ಹಾಕಿದ್ದೆ.

ಆಗಸ್ಟ್ 17, ಭಾನುವಾರ. ಭರಮವ್ವನ ಪಡಸಾಲೆ

ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ನೀರೂ ಇಲ್ಲ. ಎಲ್ಲರಿಗೂ ಹೇಳಿಯೇ ಕೂತಿದ್ದೇನೆ. ಹದಿನೆಂಟು ಜನ ಬಂದಿದ್ದಾರೆ. ಎರ್ರಕ್ಕನಿಗೆ ಹೇಳಿಲ್ಲ, ಮನೆಯಲ್ಲಿ ಇವರಿಗೂ ಹೇಳಿಲ್ಲ. ಹೊರಗೆ ಆಟೋ ನಿಲ್ಲಿಸಿದ್ದೇನೆ, ಆಸ್ಪತ್ರೆಗೆ ಐದು ನಿಮಿಷ. ಡಾಕ್ಟರ್ ಹೇಳಿದ್ದು ಮರೆತಿಲ್ಲ. ಹೆದರಿಕೆ ಇದೆ. ಆದರೆ ಈ ಹೆಂಗಸರು ನಂಬುವುದು ಕಣ್ಣಿಗೆ ಕಂಡದ್ದನ್ನೇ, ನಾನೂ ಅಷ್ಟೇ.

11.10 — ನುಂಗಿದೆ, ಪ್ರವೀಣನ ನೋವಿನ ಸೆಟ್ಟಿನ ಒಂದೇ ಬಿಳಿ ಗುಳಿಗೆ, ಒಣ ಬಾಯಲ್ಲಿ. ಭರಮವ್ವ ಪೊಟ್ಟಣ ಬಿಚ್ಚಿ ನೋಡಿದಳು.

11.25 — ಏನೂ ಇಲ್ಲ. ಶಿವಲೀಲಾ ಮೊಬೈಲ್ ನೋಡುತ್ತಿದ್ದಾಳೆ.

11.38 — ಮಣಿಕಟ್ಟು. ಕೈ ಚಾಚಿ ತೋರಿಸಿದೆ. ನೋಡಿ ಅಂದೆ, ಯಾರ ಅನ್ನ ಉಂಡೆ ನಾನು ಇವತ್ತು? ಹತ್ತಿರ ಬಂದು ನೋಡಿದರು. ಯಾರೋ ಒಬ್ಬರು ಹೌದಲ್ಲ ಅಂದರು. ಹೌದಲ್ಲ ಅಂದರು, ಬರೆದುಕೊಂಡಿದ್ದೇನೆ.

11.47 — ಕುತ್ತಿಗೆ. ತುಟಿ ಭಾರ. ಯಾರು ಹೇಳಿದರೋ, ಎರ್ರಕ್ಕ ಹೊಲದಿಂದ ಹಾಗೇ ಓಡಿ ಬಂದಿದ್ದಾಳೆ. ಏನ್ ಮಾಡಿಕೊಂಡ್ಯಲೇ ಪುಷ್ಪಿ ಅನ್ನುತ್ತಿದ್ದಾಳೆ. ಚಹಾಕ್ಕೆ ಹೋದ ಆಟೋದವನನ್ನು ಕರೆಯಲು ಹೋಗಿದ್ದಾರೆ.

11.49 — ಗಂಟಲು ಒಣಗಿ ಕೆಮ್ಮಿದೆ. ಎರ್ರಕ್ಕ ಕೊಡದಿಂದ ತಂಬಿಗೆ ನೀರು ತುಂಬಿ ನನ್ನ ಮುಂದೆ ಹಿಡಿದಳು. ಎಲ್ಲರ ಕಣ್ಣೂ ಅವಳ ಕೈ ಮೇಲೆ. ಕುಡಿದ ಮೇಲೆ ತುಟಿ ಇನ್ನೂ ಬಾತರೆ ಇವಳ ನೀರಿನಿಂದಲೇ ಅನ್ನುತ್ತಾರೆ. ಕುಡಿಯದಿದ್ದರೆ ಇವಳೇ ಮದ್ದು ಹಾಕಿದವಳು ಎಂದು ನಾನೇ ಎಲ್ಲರ ಮುಂದೆ ಇನ್ನೊಂದು ಸಲ ಅಂದ ಹಾಗೆ. ಬರೆಯುವುದು ನಿಲ್ಲಿಸಿದರೆ ಎರಡರಲ್ಲೊಂದು ಮಾಡಬೇಕು, ಅದಕ್ಕೇ ಬರೆಯುತ್ತಿದ್ದೇನೆ. ತಂಬಿಗೆ ಹಿಡಿದೇ ಇದ್ದಾಳೆ. ಇನ್ನೂ ಹತ್ತಿರ ಚಾಚಿದಳು, ನೀರು ತುಳುಕಿ ಪುಟದ ಮೇಲೆ